ದೊಡ್ಡವ್ವನಿಗೆ ಹೇಳುತ್ತಿದ್ದ ಧಾರಾವಾಹಿ

ನನ್ನ ಅತ್ತೆಗೆ ಸುಳ್ಳು ಹೇಳಲು ಬರುವುದಿಲ್ಲ. ಹೊಗಳಿಕೆಗೆಂದು ಈ ಮಾತು ಹೇಳುತ್ತಿಲ್ಲ. ಇದರಿಂದ ಮನೆಯವರೆಲ್ಲ ಎಷ್ಟೋ ಸಲ ಪಜೀತಿಪಟ್ಟಿದ್ದೇವೆ. ನನ್ನ ಗಂಡ ನೀರಾವರಿ ಕೆಲಸದ ಮೇಲೆ ವಾರವೆಲ್ಲ ಮುಳವಾಡದ ಕಡೆ ಇದ್ದು ಶನಿವಾರ ಸಂಜೆ ಸಿಂದಗಿಯ ಮನೆಗೆ ಬರುತ್ತಾರೆ. ಒಂದು ರವಿವಾರ ಮಧ್ಯಾಹ್ನ ಅವರು ಮಲಗಿದ್ದಾಗ ಯಾರೋ ಬಾಗಿಲು ಬಡಿದರು. "ನಾ ಇಲ್ಲಂತ ಹೇಳವ್ವಾ" ಎಂದು ಇವರು ಚಾದರ ಎಳೆದುಕೊಂಡರು. ಅತ್ತೆ ಬಾಗಿಲು ತೆರೆದು, "ಒಳಗ ಅದಾನ್ರಿ. ಇಲ್ಲಂತ ಹೇಳು ಅಂದಾನ" ಎಂದುಬಿಟ್ಟರು. ಬಂದವರು ನಗುತ್ತ ಒಳಗೆ ಬಂದು ಕುಳಿತು ಎರಡು ಸಲ ಚಹಾ ಕುಡಿದು ಹೋದರು. ಆಮೇಲೆ ಮಗ ರೇಗಿದಾಗ ಅತ್ತೆ, "ಬಾಗೇವಾಡಿ ಮಗಳು ನಾ. ಇದ್ದದ್ದನ್ನ ಇಲ್ಲಂತ ಹೇಳೂದು ನನಗ ಬರಂಗಿಲ್ಲ. ಹಂಗ ಹೇಳೂದಿದ್ರ ನೀನ ಎದ್ದು ಬಂದು ಹೇಳಬೇಕಿತ್ತು" ಎಂದರು.

ಅಂಥ ಹೆಂಗಸು ಏಳು ತಿಂಗಳು ಪ್ರತಿ ಸಂಜೆ ಫೋನು ಹಿಡಿದು ಇಲ್ಲದ್ದನ್ನು ಹೇಳಿದರು. ಹಾಗೆ ಹೇಳುವ ಪರಿಸ್ಥಿತಿ ತಂದವಳು ನಾನು. ಅದನ್ನು ಊರೂರಿಗೆ ಹಂಚಿ ನಗೆಪಾಟಲು ಮಾಡಿದವಳೂ ನಾನೇ.

ನನ್ನ ತವರು ಇಂಡಿ. ಚಿಕ್ಕಂದಿನಲ್ಲಿ ಅವ್ವನ ಜೊತೆ ಥೇಟರಿಗೆ ಹೋಗಿ, ಅವಳು ಅತ್ತಲ್ಲಿ ನಾನೂ ಅತ್ತು, ಕಣ್ಣು ಕೆಂಪಗೆ ಮಾಡಿಕೊಂಡು ಇಬ್ಬರೂ ಖುಷಿಯಾಗಿ ಮನೆಗೆ ಬರುತ್ತಿದ್ದೆವು. ಮುಂದೆ ಧಾರವಾಡಕ್ಕೆ ಓದಲು ಹೋದಾಗ ಸಿನಿಮಾ ನೋಡುವ ಬೇರೆ ರೀತಿ ಕಲಿತೆ. ಕ್ಯಾಮೆರಾ ಎಲ್ಲಿಟ್ಟಿದ್ದಾರೆ, ನಟ ಯಾಕೆ ಅಷ್ಟು ಹೊತ್ತು ಸುಮ್ಮನಿದ್ದ, ಇಂಥವನ್ನೆಲ್ಲ ನೋಡತೊಡಗಿದೆ. ಅದು ಒಳ್ಳೆಯ ವಿದ್ಯೆಯೇ. ಆದರೆ ಅದರ ಜೊತೆಗೆ ಅಳುವವರ ಮೇಲೆ ಒಂದು ತಾತ್ಸಾರವನ್ನೂ ಕಲಿತುಕೊಂಡು ಬಂದೆ. ಮದುವೆಯಾಗಿ ಸಿಂದಗಿಗೆ ಬಂದು ಇಲ್ಲಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸತೊಡಗಿದ ಮೇಲೆ 'ಮೇಡಮ್ಮಗ ಸಿನಿಮಾದ ಬಗ್ಗೆ ಭಾಳ ಗೊತ್ತೈತಿ' ಎಂಬ ಹೆಸರು ಬಂತು. ಮಹಿಳಾ ದಿನದ ಕಾರ್ಯಕ್ರಮವೊಂದರಲ್ಲಿ ಭಾಷಣಕ್ಕೆ ಕರೆದಿದ್ದರು. "ಟಿವಿ ಧಾರಾವಾಹಿ ನೋಡಿ ನೋಡಿ ನಮ್ಮ ಹೆಂಗಸರ ತಲೆಗೆ ತುಕ್ಕು ಹಿಡಿದಿದೆ" ಎಂದು ಶುರುಮಾಡಿದೆ. ಚಪ್ಪಾಳೆ ಬಿತ್ತು. ಮೂರನೆಯ ಸಾಲಿನಲ್ಲಿ ಅತ್ತೆ ಕುಳಿತಿದ್ದರು. ಅವರೂ ಚಪ್ಪಾಳೆ ತಟ್ಟಿದರು.

ಆ ದಿನ ಸಂಜೆಯೂ ಅವರು ಆರೂವರೆಗೆ ತಮ್ಮ ಧಾರಾವಾಹಿ ನೋಡಿದರು. ಏಳಕ್ಕೆ ಫೋನು ತೆಗೆದುಕೊಂಡರು.

ಆ ಫೋನು ತಂಗಡಗಿಗೆ. ಮುದ್ದೇಬಿಹಾಳ ತಾಲೂಕಿನಲ್ಲಿ ಕೃಷ್ಣೆಯ ದಂಡೆಗಿರುವ ಆ ಊರಿಗೆ ಅತ್ತೆಯ ಅಕ್ಕನನ್ನು ಕೊಟ್ಟಿದ್ದರು. ನನ್ನ ಗಂಡನಿಗೆ ಆಕೆ ದೊಡ್ಡವ್ವ. ನಾನೂ ಹಾಗೇ ಕರೆಯುತ್ತಿದ್ದೆ. ಸಕ್ಕರೆ ಕಾಯಿಲೆಯಿಂದ ದೊಡ್ಡವ್ವನ ಎರಡೂ ಕಣ್ಣು ಹೋಗಿದ್ದವು. ಅವರ ಮನೆಯಲ್ಲೂ ಟಿವಿ ಇತ್ತು, ಅವರ ಸೊಸೆಯೂ ಅದೇ ಧಾರಾವಾಹಿ ನೋಡುತ್ತಿದ್ದಳು. ಆದರೆ ಕಣ್ಣಿಲ್ಲದವರಿಗೆ ಧಾರಾವಾಹಿ ದಕ್ಕುವುದು ಕಷ್ಟ. ಒಬ್ಬಳು ಒಂದು ಮಾತು ಆಡುತ್ತಾಳೆ. ಆಮೇಲೆ ಒಬ್ಬೊಬ್ಬರದೇ ಮುಖ ಮೂರು ಮೂರು ಸಲ ತೋರಿಸುತ್ತ ಢಣ್ ಢಣ್ ಎಂದು ಸಂಗೀತ ಬಡಿಯುತ್ತಾರೆ. ಯಾರು ಯಾರನ್ನು ನೋಡಿದರು, ಯಾರ ಕಣ್ಣಲ್ಲಿ ನೀರು ಬಂತು, ಯಾರು ಒಳಗೊಳಗೇ ನಕ್ಕರು ಎಂಬುದರಲ್ಲೇ ಕಥೆ ಇರುತ್ತದೆ. ಅದನ್ನು ದಿನಾ ಕೂತು ಹೇಳುವಷ್ಟು ಪುರುಸೊತ್ತು ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಅದಕ್ಕೇ ಇಲ್ಲಿಂದ ನನ್ನ ಅತ್ತೆ ಹೇಳುತ್ತಿದ್ದರು. ಕೈಯಲ್ಲಿ ಕಾಯಿಪಲ್ಯ ಸೋಸುತ್ತ ಇರುತ್ತಿದ್ದುದರಿಂದ ಫೋನನ್ನು ಸ್ಪೀಕರಿಗೆ ಹಾಕಿ ಹಲಗೆಯ ಮೇಲೆ ಇಟ್ಟುಕೊಳ್ಳುತ್ತಿದ್ದರು.

"ಆ ಸಣ್ಣ ಸೊಸಿ ಇದ್ದಾಳಲ್ಲಬೇ ಅಕ್ಕಾ, ಬಾಯಿಲೆ ಏನೂ ಅನಲಿಲ್ಲ. ಸೆರಗಿನ ತುದಿ ಹಿಂಗ ಹಿಂಡಿದಳು ನೋಡು..."

ಅತ್ತ ಕಡೆಯಿಂದ ದೊಡ್ಡವ್ವ "ಹೂಂ... ಹೂಂ..." ಎನ್ನುತ್ತಿದ್ದರು. ನನಗೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಇದನ್ನೆಲ್ಲ ಕೇಳಿ ಕಿರಿಕಿರಿಯಾಗುತ್ತಿತ್ತು.

ಮಗಳು ಹತ್ತನೇ ತರಗತಿಗೆ ಬಂದ ವರ್ಷ ಜೂನ್ ತಿಂಗಳಲ್ಲಿ ಟಿವಿ ಬಂದ್ ಮಾಡಿದೆ. ಮಗಳು ಧಾರಾವಾಹಿಯತ್ತ ಕಣ್ಣು ಕೂಡ ಹಾಯಿಸುತ್ತಿರಲಿಲ್ಲ ಎಂಬುದು ನನಗೆ ಗೊತ್ತಿತ್ತು. ಆದರೂ ಶಿಕ್ಷಕಿಯ ಮನೆಯಲ್ಲಿ ಪರೀಕ್ಷೆಯ ವರ್ಷ ಟಿವಿ ನಡೆದರೆ ಮಂದಿ ಏನಂದಾರು ಎಂಬುದಿತ್ತು. ನಿಜ ಹೇಳಬೇಕೆಂದರೆ ಆ ಢಣ್ ಢಣ್ ಸಪ್ಪಳ ಮನೆಯಿಂದ ಹೋದರೆ ಸಾಕು ಎಂದೂ ಇತ್ತು. ಸೆಟ್‌ಟಾಪ್ ಬಾಕ್ಸ್ ಬಿಚ್ಚಿ, ವೈರು ಸುತ್ತಿ, ಕಪಾಟಿನೊಳಗೆ ಇಟ್ಟೆ. ಅತ್ತೆ ನಿಂತು ನೋಡುತ್ತಿದ್ದರು.

"ಎಷ್ಟ ದಿನಾ?" ಎಂದು ಕೇಳಿದರು.

"ಪರೀಕ್ಷಾ ಮುಗಿಯೂತನಕ ರಿ, ಅತ್ತೀ. ಮಾರ್ಚ್ ಆಗ್ತೈತಿ."

"ಆತು" ಎಂದರು. ಅಷ್ಟೇ. ಅಕ್ಕನ ವಿಷಯ ಎತ್ತಲಿಲ್ಲ. ನಾನೂ ನೆನೆಸಿಕೊಳ್ಳಲಿಲ್ಲ. ನೆನಪಾಗಲಿಲ್ಲ ಎಂದರೆ ಅದು ಸುಳ್ಳಾದೀತು. ನೆನಪಾಯಿತು, ಆದರೆ ಅದೇನು ದೊಡ್ಡ ಸಂಗತಿ ಎನಿಸಲಿಲ್ಲ.

ಅದೇ ತಿಂಗಳ ಇನ್ನೊಂದು ಸಂಗತಿ ಹೇಳಲೇಬೇಕು. ಮನೆಗೆ ಟಿವಿ ಇಲ್ಲವೆಂದು ಕಟ್ಟಳೆ ಹಾಕಿದ ನಾನು, ಮೇಲಿನ ಖೋಲಿಯಲ್ಲಿ ನೋಟ್‌ಬುಕ್ ತಿದ್ದುತ್ತೇನೆಂದು ಕುಳಿತು ಮೊಬೈಲಿನಲ್ಲಿ ಸಿನಿಮಾ ನೋಡುತ್ತಿದ್ದೆ. ಬೇರೆ ದೇಶದವು, ಪ್ರಶಸ್ತಿ ಬಂದವು, ಹೀಗಾಗಿ ಅವು ಲೆಕ್ಕಕ್ಕಿಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಒಂದು ಸಂಜೆ ಇಯರ್‌ಫೋನ್ ಹಾಕಿಕೊಂಡು ಏನೋ ನೋಡುತ್ತ ಜೋರಾಗಿ ನಕ್ಕೆ. ತಲೆ ಎತ್ತಿದರೆ ಅತ್ತೆ ಚಹಾದ ಕಪ್ಪು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಮೊಬೈಲ್ ಬೋರಲು ಹಾಕುವಷ್ಟೂ ಹೊತ್ತು ಸಿಗಲಿಲ್ಲ. ಅವರು ಬಂದು ಕಪ್ಪನ್ನು ನೋಟ್‌ಬುಕ್ಕುಗಳ ಪಕ್ಕ ಇಟ್ಟರು.

"ಬಾಗಲಾ ಹಾಕ್ಕೋ ತಂಗಿ. ಹುಡುಗಿ ಕೆಳಗ ಓದಾಕತ್ತಾಳ" ಎಂದು ತಾವೇ ಬಾಗಿಲು ಮುಂದೆ ಮಾಡಿಕೊಂಡು ಇಳಿದು ಹೋದರು.

ಬೈದಿದ್ದರೆ ಎದುರು ಮಾತಾಡುತ್ತಿದ್ದೆ. ಅವರು ಆ ಮಾತನ್ನು ಮತ್ತೆಂದೂ ಎತ್ತಲಿಲ್ಲ, ಮಗನ ಮುಂದೆಯೂ ಆಡಲಿಲ್ಲ.

ಟಿವಿ ಬಂದ್ ಆದರೂ ಏಳು ಗಂಟೆಯ ಫೋನು ನಿಲ್ಲಲಿಲ್ಲ. ಮೊದಲ ಒಂದೆರಡು ವಾರ ನಾನು ಕಿವಿಗೊಡಲಿಲ್ಲ. ಆಮೇಲೆ ಗಮನಿಸಿದೆ, ಕಥೆ ನಡೆದೇ ಇದೆ. ಸಣ್ಣ ಸೊಸೆ ಹೀಗೆ ಮಾಡಿದಳು, ಅವಳ ಅತ್ತೆ ಹಾಗೆ ಅಂದಳು. ನನಗೆ ಸಿಟ್ಟು ಬಂತು. ಪಕ್ಕದ ಮನೆಗೆ ಹೋಗಿ ನೋಡಿ ಬರುತ್ತಾರೆ, 'ನಮ್ಮ ಮನ್ಯಾಗ ಸೊಸಿ ಟಿವಿ ಬಿಚ್ಚ್ಯಾಳ' ಎಂದು ಅಲ್ಲಿ ಹೇಳಿಯೂ ಇರುತ್ತಾರೆ ಎಂದುಕೊಂಡೆ. ಪಕ್ಕದ ಮನೆಯವಳನ್ನು ಉಪಾಯವಾಗಿ ಕೇಳಿದೆ.

"ಇಲ್ರಿ ಮೇಡಂ, ಅವ್ವಾರು ಬಂದ ಎಷ್ಟೋ ದಿನಾ ಆತು" ಎಂದಳು.

ನಮ್ಮ ಶಾಲೆಯ ಹಿಂದಿ ಮೇಡಂ ಅದೇ ಧಾರಾವಾಹಿ ನೋಡುವವರು. ಸ್ಟಾಫ್ ರೂಮಿನಲ್ಲಿ ಅವರನ್ನು ಕೇಳಿದೆ, "ಆ ಸಣ್ಣ ಸೊಸಿ ಸಾಲಿಗೆ ಹೋಗತೀನಿ ಅಂತ ಹಟಾ ಹಿಡದಾಳೇನ್ರಿ ಈಗ?"

"ಯಾವ ಸಾಲಿ? ಆಕಿ ಜೇಲಿನಾಗ ಅದಾಳ್ರಿ. ಎರಡ ವಾರ ಆತು" ಎಂದರು ಅವರು.

ಆಗ ನನಗೆ ಹೊಳೆಯಿತು. ಅತ್ತೆ ಎಲ್ಲಿಯೂ ನೋಡುತ್ತಿಲ್ಲ. ತಾವೇ ಕಟ್ಟಿ ಹೇಳುತ್ತಿದ್ದಾರೆ. ಕಣ್ಣಿಲ್ಲದ ಅಕ್ಕ ಏಳು ಗಂಟೆಗೆ ಕಾಯುತ್ತಾಳೆ. 'ನನ್ನ ಸೊಸಿ ಟಿವಿ ಬಿಚ್ಚಿದಳು' ಎಂದರೆ ಮನೆಯ ಮಾತು ಹೊರಗೆ ಹೋಗುತ್ತದೆ. ನನ್ನ ಮಾನ ಕಾಯಲಿಕ್ಕೂ ಅವರು ಆ ಸುಳ್ಳು ಹೇಳುತ್ತಿದ್ದರು ಎಂಬುದು ನನಗೆ ಬಹಳ ತಡವಾಗಿ ತಿಳಿಯಿತು. ಆಗ ಮಾತ್ರ ನನಗೆ ನಗು ಬಂತು. ಕನ್ನಡ ಕಲಿಸುವವಳು ನಾನು. ಮಕ್ಕಳಿಗೆ ಒಂದು ಸಾಲು ಕೊಟ್ಟು ಕಥೆ ಮುಂದುವರಿಸಿರಿ ಎಂದು ಪ್ರಶ್ನೆ ಹಾಕುವವಳು. ಎಪ್ಪತ್ತು ದಾಟಿದ ಹೆಂಗಸೊಬ್ಬಳು ನನ್ನ ಮನೆಯಲ್ಲೇ ದಿನಕ್ಕೊಂದು ಕಂತಿನಂತೆ ಕಥೆ ಕಟ್ಟುತ್ತಿದ್ದರೆ ಅದು ನನಗೆ ತಮಾಷೆಯಾಗಿ ಕಂಡಿತು.

ಸ್ಟಾಫ್ ರೂಮಿನಲ್ಲಿ ಊಟದ ಹೊತ್ತಿಗೆ ಅದನ್ನು ನಟಿಸಿ ತೋರಿಸತೊಡಗಿದೆ. ಅತ್ತೆಯ ದನಿ, ಅವರು 'ಅಕ್ಕಾ' ಎಂದು ಎಳೆಯುವ ರೀತಿ, ನಡುವೆ ಬದನೆಕಾಯಿ ಹೆಚ್ಚುವುದು, ಎಲ್ಲವನ್ನೂ. ಎಲ್ಲರೂ ಹೊಟ್ಟೆ ಹಿಡಿದು ನಗುತ್ತಿದ್ದರು. "ಇವತ್ತಿನ ಎಪಿಸೋಡ್ ಏನ್ರಿ ಮೇಡಂ?" ಎಂದು ದಿನಾ ಕೇಳುವಂತಾಯಿತು. ಒಮ್ಮೆ ಯಾರೋ, "ಒಮ್ಮಿ ಅವರ ದನಿಯೊಳಗ ಕೇಳಸ್ರಿ" ಎಂದರು.

ಜನವರಿಯ ಒಂದು ಸಂಜೆ ನಾನು ಮೊಬೈಲನ್ನು ರೆಕಾರ್ಡಿಗೆ ಹಾಕಿ ಪಡಸಾಲೆಯ ಗೂಡಿನಲ್ಲಿ, ಅತ್ತೆಯ ಬೆನ್ನ ಹಿಂದೆ ಇಟ್ಟು ಒಳಗೆ ಹೋದೆ. ತಪ್ಪೆಂದು ಒಮ್ಮೆಯೂ ಅನಿಸಲಿಲ್ಲ. ಅದನ್ನೇ ಈಗ ನೆನೆದರೆ ಹೆದರಿಕೆಯಾಗುತ್ತದೆ.

ಆ ದಿನದ ಕಂತಿನಲ್ಲಿ, ರೇಷ್ಮೆ ಸೀರೆ ಉಟ್ಟ ಸಣ್ಣ ಸೊಸೆ ಪಾಟಿ ಹಿಡಿದುಕೊಂಡು ಸಾಲಿಗೆ ಹೋದಳು. ಹುಡುಗರ ನಡುವೆ ನೆಲದ ಮೇಲೆ ಕುಳಿತಳು. ಮಾಸ್ತರು, "ಇಷ್ಟ ದೊಡ್ಡಾಕಿ ಯಾಕ ಬಂದಿ?" ಎಂದು ಕೇಳಿದರೆ ಅವಳು ಎದ್ದು ನಿಂತು, "ನನ್ನ ಪಾಳಿ ಇನ್ನೂ ಮುಗದಿಲ್ರಿ. ನಡುವ ಎಬ್ಬಿಸಿಕೊಂಡ ಹೋಗಿದ್ರು" ಎಂದಳು. ಮಾಸ್ತರು ಅವಳಿಗೆ ಬಳಪ ಕೊಟ್ಟರು. ಅವಳು ತಪ್ಪಿಲ್ಲದೆ ತನ್ನ ಹೆಸರು ಬರೆದಳು.

ಮರುದಿನ ಸ್ಟಾಫ್ ರೂಮಿನಲ್ಲಿ ಕೇಳಿದವರು ಬಿದ್ದು ಬಿದ್ದು ನಕ್ಕರು. ಅಂದೇ ಸ್ಟಾಫ್ ಗ್ರೂಪಿಗೂ ಹಾಕಿದೆ. 'ಇಲ್ಲಷ್ಟೇ ಇರಲಿ' ಎಂದೂ ಬರೆದೆ. ಯಾರೋ ಇಂಡಿಯಲ್ಲಿದ್ದ ತಮ್ಮ ತಂಗಿಗೆ ಕಳಿಸಿದರಂತೆ, ಆಕೆ ಇನ್ಯಾರಿಗೋ. ವಾರದೊಳಗೆ ಅದು ಎಲ್ಲೆಲ್ಲೋ ತಿರುಗತೊಡಗಿತು. ಯಾರೋ ಪುಣ್ಯಾತ್ಮರು ಹನ್ನೊಂದು ನಿಮಿಷದ್ದನ್ನು ಮೂರು ನಿಮಿಷಕ್ಕೆ ಕತ್ತರಿಸಿ, ಮಾತು ಮಾತಿಗೂ ನಗುವಿನ ಸದ್ದು ಸೇರಿಸಿದ್ದರು.

ಮುಂದಿನ ಸೋಮವಾರ ಅತ್ತೆ ಗುಡಿಗೆ ಹೋದಾಗ ಪರಿಚಯದ ಹೆಂಗಸೊಬ್ಬಳು ಮೊಬೈಲ್ ಅವರ ಕಿವಿಗೆ ಹಿಡಿದು, "ಇದು ನಿಮ್ಮ ದನಿ ಹೌದಲ್ರಿ ಯವ್ವಾ?" ಎಂದು ಕೇಳಿದಳಂತೆ. ಅತ್ತೆ ಪೂರ್ತಿ ಕೇಳಿದ್ದಾರೆ. ಹೌದೆಂದೂ ಹೇಳಿದ್ದಾರೆ, ಅಲ್ಲ ಎನ್ನಲು ಅವರಿಗೆ ಬರುವುದಿಲ್ಲವಲ್ಲ.

ನಾನು ಶಾಲೆಯಿಂದ ಬಂದಾಗ ಅವರು ಪಡಸಾಲೆಯಲ್ಲಿ ಕೈಕಟ್ಟಿಕೊಂಡು ಕುಳಿತಿದ್ದರು. ಹಣೆಯ ವಿಭೂತಿ ಬೆವರಿಗೆ ಅಳಿಸಿತ್ತು.

"ನನ್ನ ಮಾತು ಮೊಬೈಲಿನಾಗ ಹಿಡದಿಟ್ಟಾಕಿ ನೀ ಏನು?"

ಪ್ರಶ್ನೆ ನೇರವಾಗಿತ್ತು. ದನಿಯಲ್ಲಿ ಸಿಟ್ಟಿರಲಿಲ್ಲ. ಹೌದು ಎನ್ನಲು ಒಂದು ಕ್ಷಣ ಸಾಕಾಗಿತ್ತು.

"ನಾ ಅಲ್ರಿ ಅತ್ತೀ. ಯಾರ ಮಾಡ್ಯಾರೋ ಏನೋ... ಫೋನಿನ ಮಾತು ಹಿಡಿಯೂದು ಈಗೇನ್ರಿ, ಯಾರ ಬೇಕಾದ್ರೂ ಹಿಡೀತಾರ" ಎಂದೆ.

ಅವರು ನನ್ನ ಮುಖ ನೋಡಿದರು. ಒಳಗೆ ಮಗಳು ಓದುವ ಸಪ್ಪಳ ಕೇಳುತ್ತಿತ್ತು. "ಆತು" ಎಂದು ಎದ್ದು ಹೋದರು. ನಾನು ಮೇಲಿನ ಖೋಲಿಗೆ ಓಡಿ ಮೊಬೈಲಿನಲ್ಲಿದ್ದ ಹನ್ನೊಂದು ನಿಮಿಷದ ಮೂಲ ರೆಕಾರ್ಡನ್ನು ಅಳಿಸಿದೆ. ಅಷ್ಟಕ್ಕೇ ಬಿಡದೆ ಗ್ರೂಪಿನಿಂದಲೂ ತೆಗೆದೆ. ಗುರುತು ಉಳಿಯಬಾರದೆಂಬುದೊಂದೇ ತಲೆಯಲ್ಲಿತ್ತು.

ಅಂದು ಏಳು ಗಂಟೆಗೆ ಫೋನು ತಂಗಡಗಿಯಿಂದಲೇ ಬಂತು. ಅತ್ತೆ ಎತ್ತಿ, "ಅಕ್ಕಾ, ಟಿವಿ ಬಂದ್ ಐತಿ" ಎಂದರು. ಎಂದಿನಿಂದ ಎಂದು ಹೇಳಲಿಲ್ಲ. ಹವಾ, ಜೋಳ, ಮೊಣಕಾಲ ನೋವು, ಎರಡು ಮಾತು ಆಡಿ ಇಟ್ಟರು. ಆಮೇಲೆ ವಾರಕ್ಕೊಮ್ಮೆ, ಹದಿನೈದು ದಿನಕ್ಕೊಮ್ಮೆ ಆಯಿತು. ಆ ವರ್ಷ ಪ್ರತಿ ಸೋಮವಾರದ ಒಪ್ಪತ್ತಿನ ಜೊತೆಗೆ ಗುರುವಾರವೂ ಒಪ್ಪತ್ತು ಹಿಡಿದರು. ಯಾಕೆಂದು ಮೊಮ್ಮಗಳು ಕೇಳಿದ್ದಕ್ಕೆ, "ಒಂದ ತಪ್ಪ ಮಾಡೀನಿ, ಅದಕ್ಕ" ಎಂದರು. ಆ ಮಾತು ಕೇಳಿಯೂ ನಾನು ಊಟ ಮಾಡಿದೆ.

ಮಾರ್ಚ್ ಮುಗಿಯಿತು, ಪರೀಕ್ಷೆಯೂ ಮುಗಿಯಿತು. ಬಾಕ್ಸ್ ಹೊರತೆಗೆದು ಹಚ್ಚಿದೆ. ಅತ್ತೆಯ ಧಾರಾವಾಹಿ ಇನ್ನೂ ನಡೆದಿತ್ತು. "ಬರ್ರಿ ಅತ್ತೀ, ಶುರು ಆತು" ಎಂದು ಕರೆದರೆ, "ನೀವು ನೋಡ್ರಿ" ಎಂದು ಹಿತ್ತಲಿಗೆ ಹೋದರು.

ಏಪ್ರಿಲ್‌ನಲ್ಲಿ ದೊಡ್ಡವ್ವ ಜಾರಿ ಬಿದ್ದು ಹಾಸಿಗೆ ಹಿಡಿದಿದ್ದಾರೆಂದು ತಿಳಿಯಿತು. ಅತ್ತೆಯನ್ನು ಕರೆದುಕೊಂಡು ನಾನೇ ಹೊರಟೆ. ಸಿಂದಗಿಯಿಂದ ತಾಳಿಕೋಟಿ, ಅಲ್ಲಿಂದ ಮುದ್ದೇಬಿಹಾಳ, ಅಲ್ಲಿ ಬಸ್ಸು ಬದಲಿಸಿ ತಂಗಡಗಿ. ಬಿಸಿಲಿಗೆ ಬಸ್ಸಿನ ಕಂಬಿ ಮುಟ್ಟುವಂತಿರಲಿಲ್ಲ.

ದೊಡ್ಡವ್ವ ಸಣ್ಣಗಾಗಿದ್ದರು. ಅತ್ತೆ ಬಹಳ ಹೊತ್ತು ಅವರ ಕಾಲೊತ್ತುತ್ತ ಕುಳಿತು, ಹೊತ್ತಿಳಿದ ಮೇಲೆ ಹೊಳೆಯ ದಂಡೆಯ ಗುಡಿಗೆ ಹೋಗಿಬರುತ್ತೇನೆಂದು ಎದ್ದರು. ನಾನು ದೊಡ್ಡವ್ವನ ಬಳಿ ಉಳಿದೆ. ಅವರು ತಡವುತ್ತ ನನ್ನ ಕೈ ಹುಡುಕಿ ಹಿಡಿದರು.

"ಯವ್ವಾ, ನೀ ಕಲತಾಕಿ. ನಿನಗ ಗೊತ್ತಿರತೈತಿ. ನನ್ನ ತಂಗಿ ಯಾಕ ಕಥಿ ಹೇಳೂದು ಬಿಟ್ಟಳು?"

"ಟಿವಿ ಬಂದ್ ಇತ್ರಿ, ದೊಡ್ಡವ್ವ..."

"ಟಿವಿ ಸುದ್ದಿ ಬ್ಯಾಡ. ಟಿವಿ ನಮ್ಮ ಮನ್ಯಾಗೂ ಐತಿ. ಮುಖಾ ಕಾಣಂಗಿಲ್ಲ, ಮಾತಂತೂ ಕೇಳ್ತಾವಲ್ಲ? ಸಣ್ಣ ಸೊಸಿ ಜೇಲಿಗೆ ಹೋದದ್ದು ನನಗ ಗೊತ್ತಿಲ್ಲೇನು? ಆಕಿ ಕಟ್ಟಿ ಹೇಳಾಕತ್ತಾಳಂತ ನನಗ ಮೊದಲನೇ ವಾರದಾಗ ತಿಳದಿತ್ತು."

ನನ್ನ ಕೈ ಹಿಡಿದಂತೆಯೇ ಅವರು ಮುಂದುವರಿಸಿದರು.

"ನಾ ಬಾಗೇವಾಡ್ಯಾಗ ಮೂರನೇತ್ತಾ ಇದ್ದೆ ನೋಡು, ಆಗ ಈಕಿ ಹುಟ್ಟಿದಳು. ಅವ್ವ ಹೊಲಕ್ಕ ಹೋಗಾಕಿ. ಕೂಸಿನ್ನ ಎತಗೊಂಡು ಕೂಡಾಕ ಯಾರರ ಬೇಕಲ್ಲ? ಅಪ್ಪ ಸಾಲಿಗೆ ಬಂದು ನಡುವ ನನ್ನ ಎಬ್ಬಿಸಿಕೊಂಡ ಬಂದ. ಪಾಟಿ ಅಲ್ಲೇ ಉಳೀತು. ಮುಂದ ಈಕಿ ಏಳನೇತ್ತಾತನಕ ಕಲತಳು. ನಾ ಒಂದ ದಿನಾ ಈಕಿಗೆ ಏನೂ ಅಂದಿಲ್ಲ. ಆದ್ರ ಈಕಿ ಮನಸ್ಸಿನಾಗ ಅದು ಇಷ್ಟ ದಿನಾ ಇತ್ತು ಅಂತ ಆ ಕಥಿ ಕೇಳಿದಾಗ ನನಗ ತಿಳೀತು. ಸಣ್ಣ ಸೊಸಿ ಪಾಟಿ ಹಿಡಕೊಂಡು ಹೋದಳಲ್ಲ, ಅದು ನಾನ ಯವ್ವಾ. ದಿನಾ ಏಳಕ್ಕ ಈಕಿ ನನ್ನ ಸಾಲಿಗೆ ಕಳಸಾಕತ್ತಿದ್ದಳು."

ಅವರು ನಗುತ್ತಿದ್ದರು. ಕಣ್ಣಂಚು ಒದ್ದೆಯಾಗಿತ್ತು. ಊರೆಲ್ಲ ಕೇಳಿ ನಕ್ಕಿದ್ದು ಅದೇ ಭಾಗ. ನಾನು ನಟಿಸಿ ತೋರಿಸಿದ್ದೂ ಅದನ್ನೇ. ಸಾಲಿಗೆ ಹೋಗಬೇಕೆಂಬ ಆಸೆಯನ್ನು ಕಂಡು ಶಾಲೆಯ ಶಿಕ್ಷಕಿಯೇ ನಕ್ಕಿದ್ದಳು. ನಾನು ಅಲ್ಲೇ ಎಲ್ಲ ಹೇಳಿಬಿಟ್ಟೆ. ಟಿವಿ ಬಿಚ್ಚಿದ್ದು, ಗೂಡಿನಲ್ಲಿ ಮೊಬೈಲ್ ಇಟ್ಟಿದ್ದು, ಕೇಳಿದಾಗ ಇಲ್ಲ ಎಂದಿದ್ದು.

ದೊಡ್ಡವ್ವ ನನ್ನ ಕೈ ಬಿಡಲಿಲ್ಲ. ಆದರೆ ಅವರ ನಗು ಹೋಯಿತು. "ನಮ್ಮ ಸೊಸಿ ಮೊಬೈಲಿಗೂ ಬಂದಿತ್ತು ಅದು. ಮಂದಿ ನಗೂದು ಕೇಳಿದ್ದೆ. ಅದು ಆಕಿ ಕಿವಿಗೂ ಬಿದ್ದೈತಿ, ನೀ ಮಾಡಿದ್ದು ಅಂತ ನನಗ ಗೊತ್ತಿರಲಿಲ್ಲ" ಎಂದರು. ಆಮೇಲೆ, "ನನಗ್ಯಾಕ ಹೇಳ್ತಿ? ಆಕಿಗೆ ಹೇಳು" ಎಂದರು.

ಅಷ್ಟರಲ್ಲಿ ಅತ್ತೆ ಗುಡಿಯಿಂದ ಬಂದರು. ದೊಡ್ಡವ್ವ ಅವರ ಹೆಜ್ಜೆಯ ಸಪ್ಪಳ ಹಿಡಿದು, "ಬಾ, ಕೂಡು. ಆ ಸಣ್ಣ ಸೊಸಿ ಪರೀಕ್ಷಾ ಪಾಸಾದಳೇನು?" ಎಂದು ಕೇಳಿದರು.

ಅತ್ತೆ ನಿಂತಲ್ಲೇ ನಿಂತರು. "ಅದೆಲ್ಲಾ ಸುಳ್ಳಬೇ ಅಕ್ಕಾ. ಟಿವ್ಯಾಗ ಹಂಗೇನೂ ಇರಲಿಲ್ಲ. ನಾನ ಕಟ್ಟಿ ಹೇಳಿದ್ದೆ" ಎಂದರು.

"ನನಗ ಗೊತ್ತಿಲ್ಲೇನು? ಹೇಳು, ಪಾಸಾದಳೇನು?"

ಅತ್ತೆ ಕುಳಿತುಕೊಂಡರು. ಸೆರಗಿನಿಂದ ಮುಖ ಒರೆಸಿಕೊಂಡರು. "ಪರೀಕ್ಷಾ ದಿನಾ ಮುಂಜಾನೆದ್ದು..." ಎಂದು ಶುರುಮಾಡಿದರು. ಶುರುಮಾಡಿ ನನ್ನ ಕೈಗಳತ್ತ ನೋಡಿದರು. ನನ್ನ ಕೈಗಳು ಖಾಲಿ ಇದ್ದವು. ಮೊಬೈಲ್ ಚೀಲದಲ್ಲಿತ್ತು, ಚೀಲ ಹೊರಗಿನ ಕಟ್ಟೆಯ ಮೇಲಿತ್ತು. ಆದರೂ ಮಾತು ಮುಂದೆ ಹೋಗಲಿಲ್ಲ. "ಪರೀಕ್ಷಾ ದಿನಾ..." ಎಂದು ಇನ್ನೊಮ್ಮೆ ಹೇಳಿದರು. ಬಾಗಿಲ ಕಡೆ, ಕಿಟಕಿಯ ಕಡೆ ನೋಡಿದರು. ಯಾರಾದರೂ ನಗುತ್ತಿದ್ದಾರೋ ಎಂದು ಕಿವಿಗೊಟ್ಟಂತೆ ಇತ್ತು.

"ಕಥಿ ಬರವಲ್ದು ಅಕ್ಕಾ" ಎಂದರು.

ನಾನು ಎದ್ದು ಹೊರಗೆ ಹೋದೆ. ನಾನಿಲ್ಲದಿದ್ದರೆ ಹೇಳಿಯಾರು ಎಂದು ಅರ್ಧ ತಾಸು ಕಟ್ಟೆಯ ಮೇಲೆ ಕುಳಿತೆ. ಒಳಗಿಂದ ಮಾತೇನೂ ಕೇಳಲಿಲ್ಲ.

ಮರುದಿನ ತಿರುಗಿ ಬರುವಾಗ ಮುದ್ದೇಬಿಹಾಳದ ಬಸ್ ಸ್ಟ್ಯಾಂಡಿನಲ್ಲಿ ಕಲ್ಲು ಬೆಂಚಿನ ಮೇಲೆ ಕುಳಿತು ಅತ್ತೆಗೆ ಹೇಳಿದೆ. ಮುಖ ನೋಡಲಾಗದೆ ಎದುರಿನ ಬಸ್ಸಿನ ಬೋರ್ಡು ನೋಡುತ್ತ ಹೇಳಿದೆ.

"ಗೊತ್ತಿತ್ತು. ಗುಡ್ಯಾಗ ಕೇಳಿದಾಗ ಹಿಂದ ನಮ್ಮ ಕುಕ್ಕರ್ ಸೀಟಿ ಹೊಡದದ್ದು ಕೇಳಿಸಿತ್ತು" ಎಂದರು ಅತ್ತೆ.

"ಮತ್ತ ನನಗ ಯಾಕ ಏನೂ ಅನಲಿಲ್ರಿ? ಬೈಬೇಕಿತ್ತು."

"ಯಾವ ಬಾಯಿಲೆ ಬೈಲಿ? ನೀ ಒಂದ ಸಲ ಸುಳ್ಳ ಹೇಳಿದಿ. ನಾ ಏಳ ತಿಂಗಳ ಹೇಳಿದ್ದೆ."

"ನೀವು ಹೇಳಿದ್ದು ಸುಳ್ಳಲ್ರಿ ಅತ್ತೀ, ಅದು ಕಥಿ. ನಾ ಸಾಲ್ಯಾಗ ದಿನಾ ಕಲಿಸೂದು ಅದನ್ನ."

"ಕಥಿ ಆದ್ರ ಮೊದಲ ಕಥಿ ಅಂತ ಹೇಳಿ ಹೇಳಬೇಕು. ನಾ ಟಿವ್ಯಾಗ ಬಂತು ಅಂತ ಹೇಳೀನಿ" ಎಂದರು. ತಾಳಿಕೋಟಿಯ ಬಸ್ಸು ಬಂತು. "ಚೀಲಾ ಹಿಡಿ, ಸೀಟ ಸಿಗಂಗಿಲ್ಲ" ಎಂದು ಎದ್ದರು.

ಆ ಮಾತು ನಾನು ಮೊದಲೇ, ಜುಲೈಯಲ್ಲೋ ಆಗಸ್ಟಿನಲ್ಲೋ ಹೇಳಬಹುದಿತ್ತು. 'ಅತ್ತೀ, ಎಷ್ಟ ಚೆಂದ ಕಥಿ ಕಟ್ತೀರಿ' ಎಂದು ಒಂದು ಮಾತು ಅಂದಿದ್ದರೆ ಅವರು ಅದನ್ನು ಪಾಪವೆಂದು ಒಪ್ಪತ್ತು ಹಿಡಿಯುತ್ತಿರಲಿಲ್ಲವೇನೋ. ನಾನು ಆ ಮಾತನ್ನು ಎಲ್ಲ ಮುಗಿದ ಮೇಲೆ, ನನ್ನ ತಪ್ಪು ಹಗುರ ಮಾಡಿಕೊಳ್ಳಲು ಆಡಿದೆ. ಅದು ಅವರಿಗೂ ತಿಳಿದಿತ್ತು.

ಶ್ರಾವಣದಲ್ಲಿ ದೊಡ್ಡವ್ವ ತೀರಿಕೊಂಡರು. ನಡುವಿನ ದಿನಗಳಲ್ಲಿ ಅಕ್ಕತಂಗಿ ಮತ್ತೆ ದಿನಾ ಮಾತಾಡುತ್ತಿದ್ದರು. ಔಷಧ, ಮಳೆ, ಮೊಮ್ಮಗಳ ಪರೀಕ್ಷೆ, ಎಲ್ಲವೂ ನಿಜವಾದ ಸುದ್ದಿ. ಮಗಳು ಪಾಸಾದದ್ದನ್ನು ಅತ್ತೆ ತಿಳಿಸಿದಾಗ ದೊಡ್ಡವ್ವ, "ಈಕಿ ಪಾಸಾದಳು. ಆ ಇನ್ನೊಬ್ಬಾಕಿದು?" ಎಂದರಂತೆ. ಅತ್ತೆ ಮಾತು ಹೊರಳಿಸಿ ಮಳೆಯ ಸುದ್ದಿ ತೆಗೆದರಂತೆ.

ತಂಗಡಗಿಯಿಂದ ಎಲ್ಲ ಮುಗಿಸಿ ಬಂದ ಒಂದು ತಿಂಗಳಿಗೆ, ರವಿವಾರ ಮಧ್ಯಾಹ್ನ ನಾನು ಜೋಳ ಹಸನು ಮಾಡುತ್ತ ಕುಳಿತಿದ್ದೆ. ಅತ್ತೆ ಬಂದು ಎದುರಿಗೆ ಕುಳಿತರು.

"ನೀ ಅವತ್ತ ಹಿಡದಿದ್ದಿಯಲ್ಲ ಮೊಬೈಲಿನಾಗ, ಅದರಾಗ ಅಕ್ಕನ ದನಿ ಐತೇನು?"

ಮೊರ ಕೆಳಗಿಟ್ಟೆ. ಹನ್ನೊಂದು ನಿಮಿಷದಲ್ಲಿ ದೊಡ್ಡವ್ವನ ದನಿ ಎಷ್ಟೋ ಸಲ ಇತ್ತು. ನಡುನಡುವೆ ಪ್ರಶ್ನೆ ಕೇಳಿದ್ದರು. ಮಾಸ್ತರು ಬಳಪ ಕೊಟ್ಟಾಗ "ಅಯ್ಯ, ಛಲೋ ಮಾಸ್ತರ ಅದಾನಲ್ಲ" ಎಂದು ನಕ್ಕಿದ್ದರು. ಸಿಕ್ಕಿಬೀಳುತ್ತೇನೆಂದು ಅದನ್ನು ಅಳಿಸಿದವಳು ನಾನು. ಸ್ಟಾಫ್ ಗ್ರೂಪಿನ ಎಲ್ಲರಿಗೂ ಅಂದೇ ಫೋನು ಮಾಡಿ ಕೇಳಿದೆ. ಯಾರ ಬಳಿಯೂ ಪೂರ್ತಿಯದು ಉಳಿದಿರಲಿಲ್ಲ. ಇದ್ದದ್ದು ಆ ಮೂರು ನಿಮಿಷದ್ದು, ನಗು ಸೇರಿಸಿದ್ದು.

ಸಂಜೆ ಅತ್ತೆಯ ಮುಂದೆ ಬಂದು ಕುಳಿತು, "ಪೂರ್ತಿದು ನಾ ಅಳಿಸೀನ್ರಿ" ಎಂದೆ. "ಮಂದಿ ನಗೂದು ಇರೂದಷ್ಟ ಐತಿ."

"ಅದನ್ನ ಹಚ್ಚು."

ಬೇಡವೆಂದರೂ ಕೇಳಲಿಲ್ಲ. ಹಚ್ಚಿದೆ. ಅವರು ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದು ಕಿವಿಗೆ ಇಟ್ಟುಕೊಂಡರು. ಗೊತ್ತಿಲ್ಲದ ಜನರೆಲ್ಲ ಅವರ ಕಿವಿಯಲ್ಲಿ ನಗುತ್ತಿದ್ದುದು ನನಗೂ ಕೇಳುತ್ತಿತ್ತು. ಎರಡು ಕಡೆ, ಆ ನಗುವಿನ ಅಡಿಯಲ್ಲಿ, ದೊಡ್ಡವ್ವನ "ಹೂಂ" ಇದೆ. ಎಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ. ಆ ಎರಡೂ ಕಡೆ ಅತ್ತೆಯ ಹುಬ್ಬು ಮೇಲೇರಿದ್ದು ನೋಡಿ ತಿಳಿದುಕೊಂಡೆ.

ಮುಗಿದ ಮೇಲೆ, "ಈ ನಗೂದನ್ನ ತಗದಹಾಕಾಕ ಬರ್ತೈತೇನು?" ಎಂದು ಕೇಳಿದರು.

"ಬರಂಗಿಲ್ರಿ ಅತ್ತೀ. ಕೂಡಿಬಿಟ್ಟಾವು."

"ಇರಲಿ. ಇನ್ನೊಮ್ಮಿ ಹಚ್ಚು" ಎಂದರು.